ಕೋಷ್ಟಕ ಹನ್ನೊಂದು

ಅಕ್ಕಾ,

ಕೆಳಗೆ ಸಹಿ ಮಾಡಿರುವ ನಾನು, ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ, ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ನಿನ್ನ ಕೈಬರಹದ ಪುಸ್ತಕದಿಂದ ನಾನು ಎಂಬತ್ತಮೂರು ಹೆಸರುಗಳನ್ನು ಕದ್ದಿದ್ದೇನೆ. ಕದ್ದ ಜಾಗದಲ್ಲಿ ಎಂಬತ್ತಮೂರು ಅಂಕಿಗಳನ್ನಿಟ್ಟಿದ್ದೇನೆ. ಮಾಲು ಸಮೇತ ಸಿಕ್ಕಿಬಿದ್ದಿದ್ದೇನೆ. ‘ಸ್ವಸ್ಥಚಿತ್ತನಾಗಿ’ ಅನ್ನುವ ಮಾತೊಂದನ್ನು ಮಾತ್ರ ಹೊಡೆದುಹಾಕಿ ಓದು. ಬೆಳಿಗ್ಗೆಯಿಂದ ಅದು ನಿಜವಲ್ಲ.

ಈಗ ಸಂಜೆ ನಾಲ್ಕು ಗಂಟೆ. ಪ್ರೆಸ್ಸಿನ ಒಳಕೋಣೆಯಲ್ಲಿ ಕೂತಿದ್ದೇನೆ. ಎದುರಿಗೆ ಕಂಪ್ಯೂಟರು, ಕಾಲ ಬಳಿ, ನಿನ್ನ ವಾರ್ಡಿನಿಂದ ಓಡಿಹೋಗಿ ಹೊತ್ತು ತಂದ ಇಪ್ಪತ್ತು ಜೊತೆ ಪುಸ್ತಕಗಳು. ನಾಳೆ ಬೆಳಿಗ್ಗೆ ಏಳಕ್ಕೆ ಡ್ಯೂಟಿ ಬದಲಾಗುವಾಗ ತಿದ್ದಿದ ಇಪ್ಪತ್ತು ಜೊತೆ ಅಲ್ಲಿರಬೇಕು. ನನ್ನ ಪರದೆಯ ಮೇಲೆ ಸದ್ಯಕ್ಕೆ ಇರುವುದು ಪ್ರಶ್ನಾರ್ಥಕ ಚಿಹ್ನೆಗಳು. ಎರಡೆರಡಾಗಿ, ಎಂಬತ್ತಮೂರು ಕಡೆ. ‘ಕೋಷ್ಟಕ ?? ನೋಡು.’ ಕಾಲೇಜಿನಲ್ಲಿ ನನ್ನ ಉತ್ತರಪತ್ರಿಕೆ ನೋಡಿ ಮೇಷ್ಟ್ರು ಹಾಕುತ್ತಿದ್ದ ಚಿಹ್ನೆ ಇದೇ. ಆಗ ಯಾರ ಜೀವಕ್ಕೂ ಅಪಾಯವಿರಲಿಲ್ಲ.

ಮಗಳ ಬಾಣಂತನಕ್ಕೆ ಹೊರಡುವ ಮುಂಚೆ ನೀನು ಏನಂದೆ, ನೆನಪಿದೆಯಾ? “ತಿಂಗಳ ಕೊನೆಗೆ ಹೇಗೂ ರಿಟೈರ್ ಆಗ್ತೀನಿ. ಈ ನಾಲ್ಕು ದಿನ ನಾನಿಲ್ಲದೆ ವಾರ್ಡು ನಡೀತದಾ ನೋಡೋಣ. ಕೇಳಿದ್ದಕ್ಕೆಲ್ಲ ಪುಸ್ತಕ ಉತ್ತರ ಹೇಳಲಿ. ಫೋನ್ ಮಾಡಬೇಡ. ಯಾರಾದ್ರೂ ಸತ್ರೆ ಮಾತ್ರ ಮಾಡು.” ಅಕ್ಕಾ, ಯಾರೂ ಸತ್ತಿಲ್ಲ. ಇಷ್ಟು ಸಣ್ಣ ವಾಕ್ಯವನ್ನು ಬರೆದು ಎರಡೆರಡು ಸಲ ಓದಿಕೊಂಡೆ.

ನಡೆದದ್ದನ್ನು ಬಿಡಿಸಿ ಹೇಳುತ್ತೇನೆ. ನಿನ್ನದು ಎರಡು ಪುಸ್ತಕ. ಒಂದು ಕೈಪಿಡಿ: ಯಾವ ರೋಗಿಗೆ ಯಾವಾಗ ಏನು ಮಾಡಬೇಕು ಅನ್ನುವುದು. ಇನ್ನೊಂದು, ಔಷಧದ ಬೀರುವಿಗೆ ದಾರ ಕಟ್ಟಿ ನೇತುಹಾಕುವ ಕೋಷ್ಟಕಗಳ ಪುಸ್ತಕ: ಎಷ್ಟು ಕೊಡಬೇಕು ಅನ್ನುವುದು. ಕಂಪ್ಯೂಟರಿನಲ್ಲೂ ಅವು ಬೇರೆ ಬೇರೆ ಕಡತಗಳು. ನೀನು ಕೈಪಿಡಿಯಲ್ಲಿ ಎಲ್ಲೂ ಅಂಕಿ ಬರೆದಿರಲಿಲ್ಲ. ‘ಮಕ್ಕಳ ಜ್ವರ, ತೂಕದ ಪ್ರಕಾರ ಅನ್ನೋ ಕೋಷ್ಟಕ ನೋಡು’ ಎಂದು ಉದ್ದಕ್ಕೆ ಹೆಸರು ಹಿಡಿದೇ ಬರೆದಿದ್ದೆ. ನಾನು ನಕ್ಕಿದ್ದೆ. “ಅಕ್ಕಾ, ಇದು ಪುಸ್ತಕ, ಮದುವೆ ಕರೆಯೋಲೆ ಅಲ್ಲ, ಎಲ್ಲರ ಹೆಸರೂ ಹಾಕೋಕೆ” ಅಂದಿದ್ದೆ. ‘ಅಚ್ಚುಕಟ್ಟು’ ಅನ್ನುವ ಮಾತಿನಲ್ಲಿ ಅಚ್ಚು ನನ್ನದು, ಕಟ್ಟು ಬೈಂಡರನದು, ನಿನಗೆ ಅದರಲ್ಲಿ ಪಾಲಿಲ್ಲ ಎಂದೂ ಅಂದಿದ್ದೆ. ಹೆಸರುಗಳನ್ನೆಲ್ಲ ತೆಗೆದು ನಂಬರು ಹಾಕಿದೆ.

ಅದನ್ನಾದರೂ ಕ್ರಮವಾಗಿ ಮಾಡಿದೆನಾ? ಪುಟ ಜೋಡಿಸುವ ಈ ತಂತ್ರಾಂಶದಲ್ಲಿ ಪ್ರತಿ ಕೋಷ್ಟಕಕ್ಕೂ ಒಳಗೊಳಗೇ ಒಂದು ಹೆಸರಿಡಬೇಕು. ಕೈಪಿಡಿಯಲ್ಲಿ ಆ ಹೆಸರು ಬರೆದರೆ ಸಾಕು, ನಂಬರನ್ನು ಅದೇ ಹುಡುಕಿ ತಂದು ಕೂರಿಸುತ್ತದೆ. ಕೋಷ್ಟಕ ಹಿಂದೆಮುಂದೆ ಆದರೆ ನಂಬರೂ ತಾನಾಗಿ ಬದಲಾಗುತ್ತದೆ. ಆದರೆ ಹೆಸರುಗಳ ಪಟ್ಟಿ ಇರುವುದು ಪಕ್ಕದ ಕಡತದಲ್ಲಿ, ಮತ್ತು ಈ ಎರಡು ಕಡತಗಳು ಮಾತು ಬಿಟ್ಟ ವಾರಗಿತ್ತಿಯರ ಹಾಗೆ. ಒಂದೇ ಸೂರು, ಒಬ್ಬಳ ಸುದ್ದಿ ಇನ್ನೊಬ್ಬಳಿಗೆ ಬೇಡ. ಹೋದ ತಿಂಗಳೂ ಇದೇ ಪ್ರಶ್ನಾರ್ಥಕ ಚಿಹ್ನೆಗಳು ಬಂದಿದ್ದವು. ಅವರಿಬ್ಬರನ್ನು ರಾಜಿ ಮಾಡಿಸುವ ತಾಳ್ಮೆ ಯಾರಿಗಿದೆ? ಎಂಬತ್ತಮೂರು ನಂಬರನ್ನೂ ಕೈಯಿಂದಲೇ ಟೈಪು ಮಾಡಿಬಿಟ್ಟೆ. ನೋಡಲು ಬಹಳ ಚೆನ್ನಾಗಿತ್ತು.

ಹೋದ ವಾರ ದೊಡ್ಡ ಡಾಕ್ಟರು ಇನ್ನೊಂದು ಕೋಷ್ಟಕ ಸೇರಿಸಲು ಹೇಳಿದರು. ಆರನೆಯದಾಗಿ ಸೇರಿಸಿದೆ. ಕೋಷ್ಟಕಗಳ ಪುಸ್ತಕದಲ್ಲಿ ಅಲ್ಲಿಂದಾಚೆಯ ನಂಬರುಗಳೆಲ್ಲ ತಾವಾಗಿಯೇ ಒಂದೊಂದು ಮುಂದೆ ಸರಿದವು. ಕೈಪಿಡಿಯಲ್ಲಿ ನಾನು ಟೈಪು ಮಾಡಿದವು ಇದ್ದಲ್ಲೇ ಇದ್ದವು. ಅರುವತ್ತೊಂದು ಕಡೆ ತಪ್ಪು. ಅದರಲ್ಲಿ ಒಂದು, ಕೋಷ್ಟಕ ಹನ್ನೊಂದು. ಮಕ್ಕಳ ಜ್ವರದ ಔಷಧಕ್ಕೆ ಕೈಪಿಡಿ ‘ಕೋಷ್ಟಕ ೧೧ ನೋಡು’ ಅನ್ನುತ್ತದೆ. ಮಕ್ಕಳದು ಈಗ ಹನ್ನೆರಡು. ಹನ್ನೊಂದರಲ್ಲಿ ಇರುವುದು ಅದೇ ಔಷಧ, ದೊಡ್ಡವರ ಪ್ರಮಾಣ.

ಮೊನ್ನೆ ಸಂಜೆ ನಾನೇ ಹೋಗಿ ಇಪ್ಪತ್ತು ಜೊತೆಯನ್ನೂ ಕೊಟ್ಟು ಬಂದಿದ್ದೆ. ಒಂದೂವರೆ ದಿನ ಅವು ನಿನ್ನ ವಾರ್ಡಿನಲ್ಲಿದ್ದವು.

ತಪ್ಪನ್ನು ಹಿಡಿದವನು ನಾನೇ ಅನ್ನುವುದೊಂದೇ ಸಮಾಧಾನ. ಹತ್ತೊಂಬತ್ತು ವರ್ಷದ ಅನುಭವ, ಕಣ್ಣು ತಾನಾಗಿ ತಪ್ಪಿನ ಮೇಲೆ ಬೀಳುತ್ತದೆ.

ಪ್ರೆಸ್ಸಿನ ಯಜಮಾನರು ಒಳಗೆ ಬಂದು, ಇಪ್ಪತ್ತೇ ಪ್ರತಿ ತಾನೇ, ಪೆನ್ನಿನಲ್ಲಿ ತಿದ್ದಿ ಕೊಡು, ಅದಕ್ಕೆ ಯಾಕೆ ಮನೆಗೆ ಬೆಂಕಿ ಬಿದ್ದವನ ಹಾಗೆ ಆಡ್ತೀಯ ಅಂದರು. ಅರುವತ್ತೊಂದನ್ನು ಇಪ್ಪತ್ತು ಸಲ. ಸಾವಿರದ ಇನ್ನೂರ ಇಪ್ಪತ್ತು ತಿದ್ದುಪಡಿ. ಅದರಲ್ಲಿ ಒಂದು ನನ್ನ ಕಣ್ಣು ತಪ್ಪಿದರೆ ಆ ಒಂದು ಅಂದರೆ ಒಂದು ಮಗು. ಈ ಲೆಕ್ಕವನ್ನು ರದ್ದಿ ಕಾಗದದ ಮೇಲೆ ಬರೆದು ಅವರಿಗೆ ತೋರಿಸಿದೆ. ಅದನ್ನು ಓದಿ ಅವರೇ ಹೆದರಿ, ಒಂದು ಲೋಟ ನೀರು ಇಟ್ಟು ಹೋದರು.

ಪರದೆ ನೋಡುತ್ತ ಕೂತಾಗ ನನಗೆ ನೆನಪಾದದ್ದು ನಿನ್ನ ವಾರ್ಡಿನ ಕಿಟಕಿ. ಹೊಟ್ಟೆಯ ಆಪರೇಷನ್ನಾಗಿ ನಾನು ಅಲ್ಲಿ ಮಲಗಿದ್ದೆನಲ್ಲ. ಗಾಳಿ ಬೇಕು ಅಂತ ಗೋಗರೆದು ಒಂಬತ್ತನೇ ಮಂಚದಿಂದ ಕಿಟಕಿಯ ಪಕ್ಕದ ನಾಲ್ಕನೇ ಮಂಚಕ್ಕೆ ಬಂದಿದ್ದೆ. ನೀನು ಮಾತ್ರೆಯ ತಟ್ಟೆ ಹಿಡಿದು ಬಂದು, ನನ್ನ ಮುಖ ನೋಡಿ, “ಹೆಸರೇನು?” ಅಂದೆ.

“ಅಕ್ಕಾ, ನಂಗೆ ಹೆಸರಿಟ್ಟವಳೇ ನೀನು.”

“ಹೇಳು.”

ವಾರ್ಡೆಲ್ಲ ನಕ್ಕಿತು. ನೀನು ನಗಲಿಲ್ಲ. ನಾನು ಪೂರ್ತಿ ಹೆಸರು ಹೇಳುವವರೆಗೂ ಮಾತ್ರೆ ಕೊಡಲಿಲ್ಲ. ಆಮೇಲೆ ಕಿವಿಯ ಹತ್ತಿರ ಬಗ್ಗಿ, “ಮಂಚ ಬದಲಾಗ್ತವೆ ಕಣೋ, ಮನುಷ್ಯ ಬದಲಾಗಲ್ಲ” ಅಂದೆ. ಮನೆಗೆ ಬಂದಮೇಲೆ ಈ ಕತೆಯನ್ನು ನಾನು ಎಷ್ಟು ಜನರಿಗೆ ಹೇಳಿ ನಗಿಸಿಲ್ಲ! ಒಡಹುಟ್ಟಿದ ತಮ್ಮನ ಹೆಸರು ಮರೆತ ಅಕ್ಕ ಅಂತ.

ಈ ತಂತ್ರಾಂಶ ಹೇಳುವುದೂ ಅದನ್ನೇ, ಅಕ್ಕಾ. ಹೆಸರು ಹಿಡಿ, ನಂಬರನ್ನು ನಾನು ನೋಡಿಕೊಳ್ಳುತ್ತೇನೆ ಅಂತ. ಕಂಪ್ಯೂಟರ್ ಮುಟ್ಟದ ನೀನು ಪೆನ್ನಿನಲ್ಲಿ ಸರಿಯಾಗಿ ಬರೆದದ್ದನ್ನು, ಕಂಪ್ಯೂಟರಿನ ಮುಂದೆ ಕೂದಲು ಹಣ್ಣಾದ ನಾನು ಕೆಡಿಸಿದೆ.

ಐದೂವರೆ. ಕೈಯಿಂದ ಟೈಪು ಮಾಡಿದ ನಂಬರುಗಳನ್ನೆಲ್ಲ ಅಳಿಸಿ ಒಳಹೆಸರು ಹಾಕಿದ್ದೆ, ಹೆಸರಿನ ಪಟ್ಟಿ ಎಲ್ಲಿದೆ ಅಂತ ಕೈಪಿಡಿಗೆ ತೋರಿಸಿದಮೇಲೆ ಈಗ ಪ್ರಶ್ನಾರ್ಥಕ ಚಿಹ್ನೆಗಳು ಹೋದವು. ಬಂದ ನಂಬರುಗಳು ಹಳೆಯವು! ಹನ್ನೊಂದು ಹನ್ನೊಂದಾಗಿಯೇ ಇದೆ. ಮೇಜಿಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಆರು ಹತ್ತು. ಗೊತ್ತಾಯಿತು. ಕೈಪಿಡಿ ನೋಡುತ್ತಿದ್ದದ್ದು ಹೋದ ತಿಂಗಳ ಪಟ್ಟಿಯನ್ನು. ಮೊದಲು ಕೋಷ್ಟಕದ ಕಡತ ಓಡಿಸಿ ಹೊಸ ಪಟ್ಟಿ ಬರೆಸಬೇಕು, ಆಮೇಲೆ ಕೈಪಿಡಿ. ಕೋಷ್ಟಕಗಳ ಅಡಿಟಿಪ್ಪಣಿಯಲ್ಲಿ ಕೈಪಿಡಿಯ ಪುಟಗಳ ಮಾತು ಬರುವುದರಿಂದ ಮತ್ತೆ ಕೋಷ್ಟಕ, ಮತ್ತೆ ಕೈಪಿಡಿ. ವಾರಗಿತ್ತಿಯರ ನಡುವೆ ನಾಲ್ಕು ಸಲ ಓಡಾಡಿದೆ. ಈಗ ಪರದೆಯ ಮೇಲೆ ‘ಕೋಷ್ಟಕ ೧೨’ ಅಂತ ಬಂದಿದೆ. ಅದರ ಪಕ್ಕದಲ್ಲೇ ನಿನ್ನ ಹೆಸರನ್ನೂ ವಾಪಸು ಇಟ್ಟಿದ್ದೇನೆ: ‘ಮಕ್ಕಳ ಜ್ವರ, ತೂಕದ ಪ್ರಕಾರ’. ಎಂಬತ್ತಮೂರನ್ನೂ ಒಂದೊಂದಾಗಿ ಬೆರಳಿಟ್ಟು ಓದಿದೆ. ಪುಟಗಳು ಯಂತ್ರದಿಂದ ಬಿಸಿಬಿಸಿಯಾಗಿ ಬೀಳುತ್ತಿವೆ. ಬೆಳಿಗ್ಗೆ ಆರೂವರೆಗೆ ನಾನೇ ಹೊತ್ತು ತರುತ್ತೇನೆ. ಈ ಪತ್ರವನ್ನು ನಿನ್ನ ಮೇಜಿನ ಖಾನೆಯಲ್ಲಿ ಇಟ್ಟು ಓಡಿಹೋಗುತ್ತೇನೆ.

ಇಲ್ಲಿಗೆ ಸಹಿ ಹಾಕಿ ಮುಗಿಸಬಹುದಿತ್ತು. ಆಗುತ್ತಿಲ್ಲ. ತಪ್ಪನ್ನು ಹಿಡಿದವನು ನಾನಲ್ಲ.

ಬೇರೆ ವಾರ್ಡಿನಿಂದ ನಿನ್ನಲ್ಲಿಗೆ ವರ್ಗವಾಗಿ ಬಂದ ನರ್ಸು ಇದ್ದಾಳಲ್ಲ, ಪ್ರತಿಯೊಂದನ್ನೂ ಎರಡು ಸಲ ನೋಡುತ್ತಾಳೆಂದು ನೀನು ‘ಆಮೆ’ ಅನ್ನುತ್ತೀಯಲ್ಲ, ಅವಳು ಬೆಳಿಗ್ಗೆ ಹತ್ತಕ್ಕೆ ಫೋನು ಮಾಡಿದಳು. ಪುಸ್ತಕ ಹನ್ನೊಂದು ಅನ್ನುತ್ತೆ, ಅಲ್ಲಿ ನೋಡಿದರೆ ದೊಡ್ಡವರದ್ದಿದೆ, ಇಲ್ಲಿ ಜ್ವರದ ಮಗು ಮಲಗಿದೆ ಅಂದಳು. ನಾನು ಟೀ ಕುಡಿಯುತ್ತಿದ್ದೆ. “ಸರಿಯಾಗಿ ನೋಡಮ್ಮ, ನಮ್ಮ ಪುಸ್ತಕದಲ್ಲಿ ತಪ್ಪಾಗಲ್ಲ” ಅಂತ ಫೋನಿಟ್ಟೆ. ಟೀ ಮುಗಿಸಿದೆ. ಅರ್ಧ ಗಂಟೆ ಕಳೆದಮೇಲೆ, ಬರೀ ಅವಳ ತಪ್ಪು ತೋರಿಸಿ ನಗೋಣ ಅಂತ ಪುಸ್ತಕ ತೆರೆದೆ.

ನಿನ್ನ ವಾರ್ಡಿಗೆ ಓಡಿಬಂದಾಗ ಮಗು ನಿದ್ದೆ ಮಾಡುತ್ತಿತ್ತು. ಎಷ್ಟು ಕೊಟ್ಟಿರಿ ಅಂತ ಕೇಳುವಾಗ ಬೀರುವನ್ನು ಹಿಡಿದುಕೊಂಡು ನಿಂತಿದ್ದೆ. ಅವಳು ನಿಧಾನವಾಗಿಯೇ ಹೇಳಿದಳು: “ನಂಬರ್ ಬಿಟ್ಟು ಹೆಸರು ಹುಡುಕಿದೆ ಸಾರ್. ಅಕ್ಕ ಹಾಗೇ ಕಲಿಸಿರೋದು.”

ಅವಳ ಮುಂದೆ ತಲೆ ತಗ್ಗಿಸಿಯಾಯಿತು, ಇನ್ನು ನಿನ್ನ ಮುಂದೆ. ಮೊಮ್ಮಗು ನೂರು ವರ್ಷ ಬಾಳಲಿ, ಅದಕ್ಕೆ ಬೇಗ ಒಂದು ಹೆಸರಿಡು.

ನಂಬರು ತಪ್ಪಿದ, ಆದರೆ ನಿನ್ನವನೇ ಆದ,
ತಮ್ಮ