ಮಂಗಳವಾರ ಬಂದ ನಿನ್ನ ಕಾಮೆಂಟು

ಬಬ್ಬೂರು
ಭಾನುವಾರ, 17 ನವೆಂಬರ್ 2024

ಶ್ರೀಮದ್ ಬಬ್ಬೂರು ಮಹಾಸಂಸ್ಥಾನದ ಪ್ರಧಾನ ಚಿತ್ರಗಾರ್ತಿ, ಕಾಗೆ-ಗೂಬೆಗಳ ಮುಖಭಾವ ವಿಶಾರದೆ, ಸದ್ಯ ಹೊಳಲ್ಕೆರೆ ಸೀಮೆಯಲ್ಲಿ ಅಜ್ಞಾತವಾಸದಲ್ಲಿರುವ ಅನುಸೂಯಾದೇವಿಯವರ ದಿವ್ಯ ಸನ್ನಿಧಾನಕ್ಕೆ, ಆಸ್ಥಾನ ವಿದೂಷಕಿ ಮೋನಿಕಾ ಮಾಡುವ ಸಾಷ್ಟಾಂಗ ಪ್ರಣಾಮಗಳು.

ತರುವಾಯ, ಅನು, ನಮ್ಮ ವೆಬ್‌ಸೈಟು ಮನೆ ಬದಲಾಯಿಸಿತು.

ಡಿಗ್ರಿಯಲ್ಲಿದ್ದಾಗ ನಾವಿಬ್ಬರೂ ಕಟ್ಟಿದ ಸಾಮ್ರಾಜ್ಯ ಅದು. ನಾನು ರಾಜಾಜ್ಞೆ ಬರೆಯೋದು, ನೀನು ಚಿತ್ರ ಹಾಕೋದು. ಬಸ್‌ಸ್ಟ್ಯಾಂಡಿನ ಒಂಟಿಕಣ್ಣಿನ ಕಾಗೆಗೆ ಹಣಕಾಸು ಖಾತೆ ಕೊಟ್ಟಿದ್ದೆವಲ್ಲ! ಇಷ್ಟು ದಿನ ಅದು ಇದ್ದದ್ದು ಶೇರ್ಡ್ ಹೋಸ್ಟಿಂಗಿನಲ್ಲಿ, ಅಂದರೆ ಹತ್ತಾರು ವೆಬ್‌ಸೈಟುಗಳು ಒಟ್ಟಿಗಿರುವ ವಠಾರದಲ್ಲಿ. ಪಕ್ಕದವರು ಯಾರೋ ಮದುವೆ ವಿಡಿಯೋ ಹಾಕಿದರೆ ನಮ್ಮ ಸಂಸ್ಥಾನ ಉಸಿರು ಕಟ್ಟಿ ನಿಲ್ಲುತ್ತಿತ್ತು. ಅದಕ್ಕೇ ಕ್ಲೌಡ್ ಸರ್ವರ್ ಹಿಡಿದೆ. ನಮ್ಮದೇ ಬಾಗಿಲು, ನಮ್ಮದೇ ಬೀಗ.

ಸೋಮವಾರ ಬರಹ, ಚಿತ್ರ, ಕಾಮೆಂಟು ಎಲ್ಲವನ್ನೂ ನಕಲು ಮಾಡಿ ಹೊಸ ಕಡೆ ಸಾಗಿಸಿದೆ. ಬರುವವರಿಗೆ ಹೊಸ ವಿಳಾಸದ ದಾರಿ ತೋರಿಸುವುದೊಂದು ಬಾಕಿ. ಅಷ್ಟರಲ್ಲಿ ನಮ್ಮನೆ ಹುಚ್ಚಕ್ಕಜ್ಜಿ ಅಡ್ಡ ಬಂದಳು. ಮನೆ ಬದಲಾಯಿಸ್ತಿದೀನಿ ಅಂತ ತಮಾಷೆಗೆ ಅಂದಿದ್ದೆ. "ಲೇ, ನಾಳೆ ಮಂಗಳವಾರ ಐತೆ, ಯಾರಾನ ಹೊಸಮನಿಗೆ ಹೋಗ್ತಾರೇನೆ? ಗುರುವಾರ ಹಾಲು ಉಕ್ಕಿಸಿ ಹೋಗಾಣ" ಅಂದಳು. ಇಷ್ಟು ಒಳ್ಳೆ ತಮಾಷೆ ಬಿಡೋದುಂಟೆ? ಗಂಭೀರವಾಗಿ ಒಪ್ಪಿದೆ. ಗುರುವಾರ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಪೂರ್ವಕ್ಕೆ ತಿರುಗಿಸಿ, ಹಾಲು ಉಕ್ಕಿದ ಮೇಲೆ ದಾರಿ ಬದಲಿಸಿದೆ. "ಚಿತ್ರ ಬಿಡಿಸೋಳು ಎಲ್ಲೇ? ಮನಿ ತುಂಬಾಕೆ ಅವಳು ಬ್ಯಾಡೇನು?" ಅಂತ ಕೇಳಿದಳು. ರಜೆ ಇಲ್ಲವಂತೆ ಅಂದೆ. ಇಬ್ಬರೇ ಹಾಲು ಕುಡಿದೆವು.

ಈಗ ವಿಷಯಕ್ಕೆ ಬರ್ತೀನಿ. ನಡುವಿನ ಆ ಮಂಗಳವಾರ, ಯಲ್ಲದಕೆರೆ ಬಸ್ಸಿನಲ್ಲಿದ್ದಾಗ ಫೋನಿಗೆ ಸೂಚನೆ ಬಂತು. ಅನುಸೂಯ ಕಾಮೆಂಟು ಮಾಡಿದ್ದಾರೆ: "ಮೋನಿ, ಬಹಳ ದಿನದಿಂದ ಒಂದು ಮಾತು..." ಕಂಡದ್ದು ಅಷ್ಟೇ. ಹೊಸ ಮನೆಯಲ್ಲಿ ಸಮಾಧಾನವಾಗಿ ಓದೋಣ ಅಂತ ಇಟ್ಟುಕೊಂಡೆ. ಆದರೆ ದಾರಿ ಇನ್ನೂ ಬದಲಾಗಿರಲಿಲ್ಲವಲ್ಲ, ನೀನು ಬಂದದ್ದು ಹಳೇ ಮನೆಗೆ, ಅದೂ ಸಾಮಾನು ಸಾಗಿಸಿದ ಮಾರನೇ ದಿನ. ಹೊಸದರಲ್ಲಿ ಹುಡುಕಿದರೆ ನಿನ್ನ ಮಾತೇ ಇಲ್ಲ.

ನಾವು ಜಗಳ ಆಡಿಲ್ಲ ಅನು. ಆಡಿದ್ದರೆ ರಾಜಿಯಾದರೂ ಆಗಬಹುದಿತ್ತು. ನೀನು ಕೆಲಸಕ್ಕೆ ಅಂತ ಹೊಳಲ್ಕೆರೆಗೆ ಹೋದೆ, ಚಿತ್ರ ಬರೋದು ತಡವಾಯ್ತು, ಆಮೇಲೆ ನಿಂತೇಹೋಯ್ತು. ಫೋನ್ ಮಾಡಿದರೆ "ಹ್ಞೂ ಕಣೆ, ಆಮೇಲೆ ನಾನೇ ಮಾಡ್ತೀನಿ" ಅಂತೀಯ. ಈಗ ಆಜ್ಞೆ ನಾನೇ ಬರೆದು, ನಾನೇ ಓದಿ, ನಾನೇ ನಗ್ತೀನಿ. ಚಿತ್ರದ ಜಾಗದಲ್ಲಿ ಬಿಳೀ ಚೌಕ ಬಿಟ್ಟಿರ್ತೀನಿ.

ಆದಕಾರಣ ಆಸ್ಥಾನದ ವಿನಂತಿ: ಕಳೆದುಹೋದ ಆ ಮಾತನ್ನು ಇನ್ನೊಂದು ಸಲ ಬರೆದು ಕಳಿಸತಕ್ಕದ್ದು. ತಪ್ಪು ನನ್ನದಲ್ಲ, ಪಂಚಾಂಗದ್ದು.

ಪ್ರಜೆಗಳಿಲ್ಲದ ಸಂಸ್ಥಾನದಿಂದ,
ನಿನ್ನ ಮೋನಿ

ವಿ.ಸೂ.: ಕಳೆದುಹೋಗಿಲ್ಲ ಕಣೆ. ಹಳೇ ಮನೆ ತಿಂಗಳ ಕೊನೆವರೆಗೂ ನಮ್ಮದೇ, ಕೀಲಿ ನನ್ನ ಹತ್ರಾನೇ ಐತೆ. "ನನ್ನ ಹೆಸರು ತೆಗೆದುಬಿಡು" ಅಂತ ಬರೆದಿದ್ದರೆ ಅನ್ನೋ ಭಯಕ್ಕೆ ಬಾಗಿಲು ತೆಗೆದಿಲ್ಲ. ಹಾಗೇನಾದ್ರೂ ಬರೆದಿದ್ದರೆ, ಈ ಸಲ ಬೇರೆ ಏನಾದ್ರೂ ಬರಿ.