ಗೋಡೆಯಾಚೆ ಬಿದ್ದ ಚೆಂಡು

ಪ್ರೀತಿಯ ಸಿಸ್ಟರ್ ಕಸಿಲ್ಡಾ ಅವರಿಗೆ,

ಗೋಡೆಯ ಈಚೆ ನಿಂತು ವರ್ಷಾನುಗಟ್ಟಲೆ ನಿಮ್ಮ ದನಿ ಕೇಳಿದವನು ನಾನು. ಮುಖ ಮಾತ್ರ ಒಮ್ಮೆಯೂ ನೋಡಲಿಲ್ಲ. ಎಲಾದಿಯೊ, ತೊರ್ರೆಮೊರಾ ಫುಟ್‌ಬಾಲ್ ಕ್ಲಬ್ಬಿನ ಡಿಫೆಂಡರ್, ನಿಮ್ಮ ಕನ್ಯಾಮಠದ ಈರುಳ್ಳಿ ಮಡಿಗಳ ಶತ್ರು. ನೆನಪಾಯಿತೇ?

ಹೋದ ವಾರ ನಿಮ್ಮ ತಮ್ಮನ ಮಗಳು ಒಬ್ದುಲಿಯಾ ಸಮೋರಾದ ನಿಮ್ಮ ಹೊಸ ಮಠಕ್ಕೆ ಬಂದು ನಿಮ್ಮನ್ನು ನೋಡಿಹೋದಳಲ್ಲ, ನೇರ ನನ್ನ ಮನೆಗೇ ಬಂದಳು. "ಅತ್ತೆ ಹಾಸಿಗೆ ಹಿಡಿದ್ರೂ ಅದನ್ನೇ ಕೇಳ್ತಾರೆ ಎಲಾದಿಯೊ, ಕ್ಲಬ್ ಮುಚ್ಚಿದ್ದು ನನ್ನಿಂದಾನೇ ಅಲ್ವಾ ಅಂತ," ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮ ಮೇಲಲ್ಲ. ಇಷ್ಟು ವರ್ಷ ಊರಿನ ಒಬ್ಬರೂ ನಿಮಗೆ ಉತ್ತರ ಕೊಡಲಿಲ್ಲವಲ್ಲ ಎಂದು. ಇದನ್ನು ಅವಳೇ ನಿಮಗೆ ಓದಿ ಹೇಳುತ್ತಾಳೆ. ಪೂರ್ತಿ ಕೇಳಿ, ನಡುವೆ ಜಪಮಾಲೆ ಹಿಡಿದು ತಪ್ಪಿಸಿಕೊಳ್ಳಬೇಡಿ.

ನಮ್ಮದೇನು ಹೇಳಿಕೊಳ್ಳುವಂಥ ಕ್ಲಬ್ಬಲ್ಲ. ಇಟ್ಟಿಗೆ ಗೂಡಿನ ಕೆಲಸಗಾರರು ಕಟ್ಟಿದ್ದು. ಅಂಗಿಗೆ ಬಟ್ಟೆ ಇಲ್ಲದಾಗ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಪ್ರತಿಮೆಗಳಿಗೆ ಹೊದಿಸುವ ನೇರಳೆ ಬಟ್ಟೆಯನ್ನು ನಿಮ್ಮ ಮಠವೇ ಕೊಟ್ಟಿತಂತೆ. ಅಂದಿನಿಂದ ನಮ್ಮ ಬಣ್ಣ ಅದೇ. ಹೊರಗೆ ಆಡಲು ಹೋದಲ್ಲೆಲ್ಲ "ಬಂದ್ರಪ್ಪಾ ಶುಭ ಶುಕ್ರವಾರದೋರು, ಶಿಲುಬೆ ಎಲ್ರೋ?" ಎಂಬ ಅಣಕ. ಪಂದ್ಯದ ಹಿಂದಿನ ದಿನ ಮಳೆ ಬಾರದಿರಲೆಂದು ಸಂತ ಕ್ಲಾರಾಳ ಹೆಸರಿನಲ್ಲಿ ನಿಮ್ಮ ಮಠಕ್ಕೆ ಮೊಟ್ಟೆ ಒಪ್ಪಿಸುತ್ತಿದ್ದೆವು. ಮಳೆ ಬರುತ್ತಿರಲಿಲ್ಲ. ಗೋಲೂ ಬರುತ್ತಿರಲಿಲ್ಲ.

ಆಡಲು ಯೋಗ್ಯವಾದ ಚೆಂಡು ನಮ್ಮಲ್ಲಿ ಒಂದೇ. ಅದು ಮೈದಾನದ ಪಕ್ಕದ ಗೋಡೆ ಹಾರಿ ನಿಮ್ಮ ತೋಟಕ್ಕೆ ಬಿದ್ದರೆ ನಾನು ಮಠದ ಬಾಗಿಲಿಗೆ ಓಡಬೇಕು, ಒಳಗಿನವರು ಮುಖ ತೋರದೆ ಸಾಮಾನು ದಾಟಿಸುವ ಆ ತಿರುಗುವ ಮರದ ಗೂಡಿನ ಮುಂದೆ ನಿಲ್ಲಬೇಕು. ಒಳಗಿನಿಂದ ನಿಮ್ಮ ದನಿ: "ಮರಿಯಮ್ಮನಿಗೆ ಸ್ತುತಿ. ಯಾರ ಒದೆನಪ್ಪಾ ಇದು?" "ನನ್ನದೇ ಸಿಸ್ಟರ್." "ಅಂದ್ಕೊಂಡೆ. ಗೋಲು ಅಷ್ಟು ದೊಡ್ಡದಿದೆ, ನಿನಗೆ ಕಾಣೋದು ನನ್ನ ಈರುಳ್ಳೀನೇ!" ನಾವು ಮುಂದಿದ್ದ ದಿನ ತೋಟದ ಕೀಲಿಕೈ ಸಿಗುತ್ತಿರಲಿಲ್ಲ, ನಿಮಗೆ ಮಂಡಿನೋವು ಹೆಚ್ಚಾಗುತ್ತಿತ್ತು, ಅಷ್ಟರಲ್ಲಿ ಆಟದ ಹೊತ್ತು ಕಳೆಯುತ್ತಿತ್ತು. ಹಿಂದಿದ್ದ ದಿನ ನಾನು ತಲುಪುವ ಮೊದಲೇ ಗೂಡು ಗಿರ್ರನೆ ತಿರುಗಿ ಚೆಂಡು ಹೊರಗೆ! ಸ್ಕೋರ್ ಕೇಳಲು ನಿಮಗೆ ಮಠದ ನಿಯಮ ಅಡ್ಡ, ಹೇಳಲು ನನಗೆ ಸಂಕೋಚ. ಜನರ ಸದ್ದು ಕೇಳಿಯೇ ನೀವು ಲೆಕ್ಕ ಹಾಕುತ್ತಿದ್ದಿರಿ. ಗಲಾಟೆಯಿದ್ದರೆ ನಾವು ಮುಂದೆ, ಸದ್ದಿಲ್ಲದಿದ್ದರೆ ಹಿಂದೆ. ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಆ ಕೊನೆಯ ಭಾನುವಾರ ಗೆಲ್ಲಲೇಬೇಕಿತ್ತು. ಕೆಳಗಿನ ದರ್ಜೆಗೆ ಇಳಿದರೆ ಕ್ಲಬ್ಬಿಗೆ ಬೀಗ ಎಂದು ಎಲ್ಲರಿಗೂ ಗೊತ್ತಿತ್ತು. ನಾವು ಒಂದು ಗೋಲು ಮುಂದಿದ್ದೆವು, ಸಿಸ್ಟರ್. ಆಟ ಇನ್ನೇನು ಮುಗಿಯುವುದರಲ್ಲಿತ್ತು. ನಿಮ್ಮನ್ನೇ ನಂಬಿ ನಾನು ಚೆಂಡನ್ನು ಗೋಡೆಯಾಚೆ ಎತ್ತಿ ಒದ್ದೆ. ಆದರೆ ಊರಿಗೆ ಊರೇ ಭಯದಿಂದ ಉಸಿರು ಬಿಗಿಹಿಡಿದಿತ್ತು. ಆಟ ನೋಡುತ್ತ ಎಲ್ಲರೂ ಸೂರ್ಯಕಾಂತಿ ಬೀಜ ಕಡಿಯುವ ಸದ್ದೂ ಇರಲಿಲ್ಲ. ಆ ಮೌನ ಕೇಳಿ ಪಾಪ, ಹುಡುಗರು ಸೋಲುತ್ತಿದ್ದಾರೆ ಎಂದುಕೊಂಡಿರಿ ನೀವು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಚೆಂಡು ಗೂಡಿನಲ್ಲಿ ಕಾಯುತ್ತಿತ್ತು. ಬೆನ್ನಿಗೇ ಓಡಿ ಬಂದಿದ್ದ ಎದುರಾಳಿ ಅದನ್ನು ಬಾಚಿಕೊಂಡು "ನಿಮ್ಮ ಸಿಸ್ಟರ್‌ಗೆ ಥ್ಯಾಂಕ್ಸ್ ಹೇಳಪ್ಪಾ!" ಎಂದು ನಕ್ಕ. ಅವರು ಸಮ ಮಾಡಿಕೊಂಡರು. ಆ ಬೇಸಿಗೆಯಲ್ಲೇ ಕ್ಲಬ್ ಮುಚ್ಚಿತು.

ನಿಮ್ಮಿಂದ ಮುಚ್ಚಿತೇ? ಇಲ್ಲ ಸಿಸ್ಟರ್. ನಮ್ಮಲ್ಲಿ ಒಬ್ಬನಾದರೂ ಬಾಯಿಬಿಟ್ಟು ಕೂಗಿದ್ದರೆ ನಿಮ್ಮ ಕೀಲಿಕೈ ಸಂಜೆಯವರೆಗೂ ಸಿಗುತ್ತಿರಲಿಲ್ಲ. ಅಂದು ಬಾರಿನಲ್ಲಿ ಮುದುಕ ಲಿಯೊಕಾದಿಯೊ ಅಳುತ್ತಲೇ ಹೇಳಿದ: "ಪಾಪ, ನಮ್ಮನ್ನ ಉಳಿಸೋಕೆ ಎಷ್ಟು ಓಡಿದ್ಳೋ ಆ ತಾಯಿ, ಆ ಮಂಡಿ ಇಟ್ಕೊಂಡು!" ಮುಂದಿನ ಶನಿವಾರ, ಪಂದ್ಯವೇ ಇಲ್ಲದ ವಾರ, ನಿಮ್ಮ ಗೂಡಿನ ತುಂಬ ಮೊಟ್ಟೆ ಬಂದಿದ್ದು ನೆನಪಿದೆಯೇ? ಮಳೆ ಬಾರದಿರಲೆಂದಲ್ಲ, ನಿಮಗಾಗಿ ಇಟ್ಟಿದ್ದು. ಬಾಯಲ್ಲಿ ಹೇಳಲು ನಮಗೆ ಬರಲಿಲ್ಲ, ಅಷ್ಟೇ.

ಮೈದಾನದಲ್ಲಿ ಈಗ ಮನೆಗಳು ಎದ್ದಿವೆ. ಆ ದಿನದ ಚೆಂಡು ನನ್ನ ಬಳಿಯೇ ಇತ್ತು. ಒಬ್ದುಲಿಯಾಳ ಕೈಗೆ ಕೊಟ್ಟು, ನಿಮ್ಮ ಹೊಸ ಮಠದ ಗೂಡಿನಲ್ಲಿಡು ಎಂದಿದ್ದೇನೆ. ನಾವು ಒಂದು ಗೋಲು ಮುಂದಿದ್ದೇವೆ ಸಿಸ್ಟರ್, ಜನ ಸದ್ದು ಮಾಡುತ್ತಿಲ್ಲ ಅಷ್ಟೇ. ವಾಪಸ್ ಕೊಡಲು ಈ ಸಲ ಅವಸರ ಮಾಡಬೇಡಿ.

ಸಂತ ಕ್ಲಾರಾ ನಿಮ್ಮ ಮಂಡಿಯನ್ನೂ ಮನಸ್ಸನ್ನೂ ಹಗುರ ಮಾಡಲಿ.

ನಿಮ್ಮ ಈರುಳ್ಳಿ ಹಾಳು ಮಾಡಿದ,
ಎಲಾದಿಯೊ