ಸ್ವಿಚ್ಚಿಗೆ ಕಟ್ಟಿದ ತಂತಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಚಳಿಗೆ ಕೈ ಸೆಳೆತ ಹೆಚ್ಚಾಗಿದೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಳು. ಬಿಸಿನೀರಿನ ಶಾಖ ಬಿಡಬೇಡ, ಸೋಮಾರಿ. ಎಡಗೈಯಲ್ಲಿ ಬರೆಯುವುದು ರೂಢಿಯಾಯಿತೇ? ನಿನ್ನ ಬಲಗೈ ಅಕ್ಷರವೂ ಕೋಳಿ ಕೆದರಿದ ಹಾಗೇ ಇತ್ತು, ದೊಡ್ಡ ನಷ್ಟವೇನಿಲ್ಲ ಬಿಡು. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ನೀನು ಅತ್ತಿಗೆಯ ತವರು ಸೇರಿದ ಮೇಲೆ ಅವಳಿಗೆ ಬಯ್ಯಲು ಸಿಗುವವಳು ನಾನೊಬ್ಬಳೇ.

ಬಟ್ಟೆ ಅಂಗಡಿ ಬಿಟ್ಟು ನಾನು ನಿನ್ನ ಬಕೆಟ್ ಕಾರ್ಖಾನೆಗೇ ಸೇರಿದಾಗ ನೀನು ಮಾತು ಬಿಟ್ಟೆ. ಹೊಟ್ಟೆಪಾಡು ಎಂದುಕೊಂಡಿರಬೇಕು. ಅಲ್ಲ ಅಣ್ಣಾ. ನಿನ್ನ ಬೆರಳು ಹೋದ ದಿನ "ಕುಡಿದು ಬಂದು ಮಷೀನಿಗೆ ಕೈ ಹಾಕ್ದ" ಎಂದು ಊರೆಲ್ಲ ಸಾರಿದ ಗಡಿಬಿಡಿ ಮೇಸ್ತ್ರಿಯ ಮುಖವನ್ನು ನಾನು ದಿನಾ ನೋಡಬೇಕಿತ್ತು. ನೋಡುತ್ತಲೇ ಕೆಲಸ ಕಲಿತೆ. ಊಟಕ್ಕೆ ಕೂತಾಗ ನೀನು ಹೇಳುತ್ತಿದ್ದುದೆಲ್ಲ ನೆನಪಿತ್ತು. ಜಡೆ ಬಿಗಿದು ಕಟ್ಟಿದೆ, ಬಳೆ ತೆಗೆದಿಟ್ಟೆ, ಮೇನ್ ಸ್ವಿಚ್ ಆರಿಸದೆ ಬಕೆಟ್ಟಿನ ಅಚ್ಚಿನೊಳಗೆ ಬೆರಳ ತುದಿಯನ್ನೂ ಇಡಲಿಲ್ಲ. ಮಷೀನಿನ ಬಾಗಿಲು ತೆರೆದಿದ್ದಾಗ ಅಚ್ಚು ಮುಚ್ಚಿಕೊಳ್ಳದಂತೆ ತಡೆಯುವ ಆ ಸ್ವಿಚ್ಚಿದೆಯಲ್ಲ, ಅದನ್ನು ಅವನು ಈಗಲೂ ತಂತಿ ಸುತ್ತಿ ಒತ್ತಿಯೇ ಇಡುತ್ತಿದ್ದ, ಬೇಗ ಬೇಗ ಮಾಲು ಇಳಿಯಲೆಂದು. ನಾನು ಬಿಚ್ಚುತ್ತಿದ್ದೆ. "ಅಣ್ಣನ ಹಾಗೇ ತಲೆಹರಟೆ" ಎಂದು ಅವನು ಮತ್ತೆ ಕಟ್ಟುತ್ತಿದ್ದ. ನಾನು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ.

ಮೊನ್ನೆ ಒಂದು ಬಕೆಟ್ ಅಚ್ಚಿಗೇ ಅಂಟಿಕೊಂಡಿತು. ಯಜಮಾನರು ಪಕ್ಕದಲ್ಲೇ ನಿಂತಿದ್ದರು. ನಾನು ಮೇನ್ ಆರಿಸಲು ಮಷೀನಿನ ಹಿಂದೆ ಹೋದೆ. ಅಷ್ಟೂ ತಾಳದೆ ಮೇಸ್ತ್ರಿ ಹಿತ್ತಾಳೆ ಕಡ್ಡಿ ಹಿಡಿದು ಮೊಣಕೈವರೆಗೆ ಕೈ ತೂರಿಸಿದ. ಗಡಿಯಾರದ ಪಟ್ಟಿ ಒಳಗಿನ ಪಿನ್ನಿಗೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ನಾನು ಆರಿಸಿಯಾಗಿತ್ತು, ಆದರೆ ಅಕ್ಕಪಕ್ಕದ ಮಷೀನುಗಳ ಗದ್ದಲದಲ್ಲಿ ಅವನಿಗೆ ತಿಳಿಯಲಿಲ್ಲ. ಹೇಳಬಹುದಿತ್ತು. ಹೇಳಲಿಲ್ಲ. ಮುಂದೆ ಬಂದು ಅಚ್ಚು ಮುಚ್ಚಿಸುವ ಹಸಿರು ಗುಂಡಿಯ ಮೇಲೆ ಬೆರಳಿಟ್ಟು, "ಮೇಸ್ತ್ರೀ, ಈ ಸ್ವಿಚ್ ಕಟ್ಟಿದ್ಯಾರು?" ಎಂದು ಕೂಗಿ ಕೇಳಿದೆ. "ಏಯ್, ತಮಾಷೆ ಮಾಡ್ಬೇಡ ಕಣೇ, ಬೆರಳು ತೆಗಿ!" ಎಂದ. ತೆಗೆಯಲಿಲ್ಲ. ಅವನ ಮುಖ ಸುಣ್ಣದ ಹಾಗೆ ಬಿಳಿಚಿತು. "ನಾನೇ, ನಾನೇ ಕಟ್ಟಿದ್ದು!" "ಅವತ್ತೂ ನೀವೇ ಕಟ್ಟಿದ್ದಾ?" "ಹೂಂ, ಅವತ್ತೂ ನಾನೇ!" "ನಮ್ಮಣ್ಣ ಕುಡಿದಿದ್ನಾ?" "ಇಲ್ಲ ತಾಯಿ, ಇಲ್ಲ, ಸುಳ್ಳು ಹೇಳ್ದೆ, ಕೈ ಮುಗೀತೀನಿ!" ಮುಗಿಯಲು ಅವನ ಬಳಿ ಒಂದೇ ಕೈ ಬಿಡುವಾಗಿತ್ತು. ಯಜಮಾನರು ಕೇಳಿದರು, ಬಕೆಟ್ಟಿನ ಅಂಚು ಕೆರೆಯುವ ಹೆಂಗಸರೂ ಕೇಳಿದರು. ಆಮೇಲೆ ಆರಿದ ಮೇನ್ ತೋರಿಸಿ, ಅವನ ಪಟ್ಟಿ ಬಿಡಿಸಿದವಳೂ ನಾನೇ.

ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡೆ. ಪಾಪ ಅನ್ನಿಸೀತೇನೋ ಎಂದು ಕಾದೆ. ಅನ್ನಿಸಲಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು, ಅವಳ ತಂದೆತಾಯಿಗೆ ನಮಸ್ಕಾರ. ಅಮ್ಮ ನಿನಗೆ ಆಶೀರ್ವಾದವನ್ನೂ ಜೊತೆಗೆ ನಾಲ್ಕು ಬೈಗುಳವನ್ನೂ ಕಳಿಸಿದ್ದಾಳೆ.

ನಿನ್ನ ತಲೆಹರಟೆ ತಂಗಿ

ಮುಖ್ಯವಾದದ್ದನ್ನೇ ಬಿಟ್ಟೆ ನೋಡು! ಯಜಮಾನರು ಅವನನ್ನು ಓಡಿಸಲು ಹೊರಟಿದ್ದರು, ನಾನೇ ಬೇಡವೆಂದೆ. ಈಗ ಮೇಸ್ತ್ರಿ ನಾನು, ಆ ಮಷೀನಿನ ಕೆಲಸಕ್ಕೆ ಅವನು. ತಂತಿ ಕಿತ್ತು ಎಸೆದಿದ್ದೇನೆ. ದಿನಾ ಹೊರಡುವ ಮುಂಚೆ ಅವನು ಎಲ್ಲರೆದುರು ಹತ್ತೂ ಬೆರಳು ಬಿಡಿಸಿ ನನಗೆ ತೋರಿಸಿ ಹೋಗಬೇಕು. ನಿಧಾನವಾಗಿ ಎಣಿಸುತ್ತೇನೆ. ಒಂದು ಸಂಜೆ ಬಾ ಅಣ್ಣಾ, ನೀನೇ ಎಣಿಸುವೆಯಂತೆ.